ನಾಯಿಗೆ ಕಸರತ್ತು, ನನಗ ತಾಲೀಮು

ದಾಂಡೇಲಿಯೊಳಗ ನಾಯಿ ಸಾಕಿದವ್ರು ನೂರಾರು ಮಂದಿ ಅದಾರ. ಅವರ ನಾಯಿ ಬೊಗಳ್ತಾವ, ಉಣ್ತಾವ, ಮಕ್ಕೋತಾವ. ಅವ್ರಿಗೆ ಏನೂ ಆಗಂಗಿಲ್ಲ. ನನಗ ಮಾತ್ರ ವಾರಕ್ಕೊಂದು ಏನರ ಆಗಬೇಕು, ಅದೂ ನಾಲ್ಕು ಮಂದಿ ನೋಡೂ ಮುಂದ ಆಗಬೇಕು. ನನ್ನ ಹಣೇಬರಾನ ಹಂಗ ಐತಿ ಅಂತ ಈಗ ಸುಮ್ಮನ ಒಪ್ಕೊಂಡುಬಿಟ್ಟೇನಿ.

ನಾ ಇಲ್ಲಿ ಕಾಗದದ ಮಿಲ್ಲಿನ್ಯಾಗ ಕೆಲಸಕ್ಕ ಇದ್ದಾಂವ. ಊರು ಧಾರವಾಡದ ಕಡೆ, ಮನಿ ಕಾಲೋನಿಯೊಳಗ, ವಯಸ್ಸು ಐವತ್ನಾಲ್ಕು. ಹೊಟ್ಟಿ ಸ್ವಲ್ಪ ಮುಂದ ಐತಿ. ಸ್ವಲ್ಪ ಅಂತ ನಾ ಅಂತೇನಿ, ಮನಿಯಾಕಿ ಬ್ಯಾರೇನ ಅಂತಾಳ. ಇಂಥಾ ದೇಹ ಇಟ್ಕೊಂಡು ನಾ ನಾಯಿ ಜೋಡಿ ಓಡೂ ಆಟಕ್ಕ ಇಳದದ್ದು ಹೆಂಗ ಅಂತ ಕೇಳ್ರಿ.

೧. ಶರತ್ತು

ತಪ್ಪು ನಂದ. ಮಿಲ್ ಗೇಟಿನ ಚಹಾದಂಗಡಿ ಹಿಂದ ಒಂದು ಮರಿ ಕುಂಯ್ ಕುಂಯ್ ಅನ್ನಾಕತ್ತಿತ್ತು. ಕಾಲು ಉದ್ದ, ಹೊಟ್ಟಿ ಒಳಗ, ಮಾರಿ ಮುಧೋಳ ನಾಯಿದು, ಬಾಲ ಯಾವ ಓಣಿದೋ ಗೊತ್ತಿಲ್ಲ. ಕೈಚೀಲದಾಗ ಹಾಕ್ಕೊಂಡು ಮನಿಗೆ ಬಂದೆ. ಮನಿಯಾಕಿ ಚೀಲದಾಗ ಇಣುಕಿ ನೋಡಿ, "ನಾ ಬದ್ನಿಕಾಯಿ ತರ್ರಿ ಅಂದಿದ್ದೆ" ಅಂದ್ಲು.

ಮೂರನೇ ದಿನಕ್ಕ ಆ ಮರಿ ಆಕಿಯ ಹೊಸಾ ಚಪ್ಪಲಿಯೊಳಗ ಬಲಗಾಲಿಂದು ಅಷ್ಟ ತಿಂದು, ಎಡಗಾಲಿಂದು ಬಾಯಾಗ ಕಚ್ಕೊಂಡು ಬಂದು ಆಕಿ ಮುಂದ ಇಟ್ಟು ಕುಂತಿತು. "ಭಾರೀ ಶಾಣ್ಯಾ ಅದೀ ಬಿಡು" ಅಂದ್ಲು ಹಲ್ಲು ಕಡಕೊಂತ. ಜಾಣ ಅಂತ ಬೈದದ್ದ ಹೆಸರಾತು. ಧಾರವಾಡದಾಗ ಓದಾಕಿರೂ ನಮ್ಮ ಮಗಳು ಫೋನಿನ್ಯಾಗ ಹತ್ತಾರು ಛಂದ ಛಂದ ಹೆಸರು ಹೇಳಿದ್ಲು, ಆದ್ರ ಬೈಯಾಕ ಅನುಕೂಲ ಆಗೂ ಹೆಸರ ಮನ್ಯಾಗ ಉಳೀತದ.

ಶಾಣ್ಯಾ ದೊಡ್ಡಾಂವ ಆದಂಗ ತಿನ್ನೂ ಸಾಮಾನೂ ದೊಡ್ಡು ಆದವು. ಗಾದಿ ಹರದ. ಬಾಜೂ ಮನಿಯವ್ರ ಬಿಸಲಿಗೆ ಹಾಕಿದ ಸಂಡಿಗಿ ತಿಂದ. ಕಡೀಕ ಒಂದಿನ ಮನಿಯಾಕಿಯ ಅಣ್ಣ ತಮ್ಮೂರು ಸಾಂಬ್ರಾಣಿಯಿಂದ ಬಂದು, ತನ್ನ ಬಿಳಿ ಟೊಪಿಗಿ ತಗದು ಕಾಟಿನ ಮ್ಯಾಲಿಟ್ಟು ಊಟಕ್ಕ ಕುಂತ. ಕೈ ತೊಳಕೊಂಡು ಬಂದು ನೋಡ್ತಾನ, ಅರ್ಧಾ ಟೊಪಿಗಿ ಐತಿ, ಉಳದರ್ಧಾ ಶಾಣ್ಯಾನ ಬಾಯಾಗ ಐತಿ. ಅಣ್ಣ ಪಾಪ ಸಿಟ್ಟಿಗೇಳಲಿಲ್ಲ. "ತಂಗೀ, ಇದನ್ನ ನಮ್ಮ ಹೊಲಕ್ಕ ಕಳಸು. ಗೊಂಜಾಳಕ್ಕ ಮಂಗ್ಯಾ ಭಾಳ ಬರ್ತಾವ, ಕಾಯ್ಕೊಂತ ಇರ್ಲಿ" ಅಂದ. ನಾ ಮರುದಿನಾನ ಅವನ್ನ ಕರಕೊಂಡು ದವಾಖಾನಿಗೆ ಓಡಿದೆ.

ನಾಯಿ ಡಾಕ್ಟರನ್ನ ಕೇಳಿದ್ರ ಅವ್ರು, "ಅಣ್ಣಾರ, ಈ ಜಾತಿ ನಾಯಿಗೆ ಕೆಲಸ ಬೇಕ್ರಿ. ಕೆಲಸ ಇಲ್ಲಂದ್ರ ಅದ ಹುಡುಕ್ಕೋತದ. ಅಜಿಲಿಟಿ ಕಲಸ್ರಿ" ಅಂದ್ರು. ಮಗಳು ವಿಡಿಯೋ ಕಳಿಸಿದ್ಲು. ನೋಡಿದೆ. ನಾಯಿ ಕೋಲು ಹಾರ್ತದ, ಗೂಟದ ನಡಕ ಹಾವಿನಂಗ ಹಾಯ್ದು ಹೋಗ್ತದ, ಕೊಳವಿಯೊಳಗ ನುಸುಳ್ತದ, ಹಲಗಿ ಏರಿ ಇಳೀತದ. ಬಾಜೂಕ ಅದರ ಮಾಲಕ ಓಡ್ತಿರ್ತಾನ. ಹಗ್ಗಾ ಇಲ್ಲ, ಮುಟ್ಟೂ ಹಂಗಿಲ್ಲ, ಬರೇ ಬಾಯಿಲೆ, ಕೈಸನ್ನಿಲೆ ಹೇಳಬೇಕು.

ಮನಿಯಾಕಿನೂ ನೋಡಿದ್ಲು. "ಅಂದ್ರ ನೀವು ಹೇಳಿದ್ದು ನಾಯಿ ಕೇಳಬೇಕು?"

"ಹೌದು."

"ಈ ಮನ್ಯಾಗ ನೀವು ಹೇಳಿದ್ದು ಇಲ್ಲೀತನಾ ಯಾರು ಕೇಳ್ಯಾರ?"

ಮಾತು ಬೆಳೀತು. ಛಳಿಗಾಲಕ್ಕ ಹಳಿಯಾಳದಾಗ ನಾಯಿ ಸಾಕಿದವ್ರು ಸೇರಿ ಇಂಥಾದ್ದೊಂದು ಸ್ಪರ್ಧಾ ಇಡ್ತಾರ ಅಂತ ಡಾಕ್ಟರು ಹೇಳಿದ್ರು. ಮನಿಯಾಕಿ ಶರತ್ತು ಹಾಕಿದ್ಲು. ಆ ಸ್ಪರ್ಧಾದಾಗ ಶಾಣ್ಯಾ ಒಂದೂ ತಪ್ಪಿಲ್ದ ಓಟಾ ಮುಗಿಸಿದ್ರ ಮನ್ಯಾಗ ಇರ್ಲಿ. ತಪ್ಪು ಮಾಡಿದ್ರ ಅವತ್ತ, ಅಲ್ಲಿಂದನ, ಸೀದಾ ಅಣ್ಣನ ಹೊಲಕ್ಕ. ಆಮ್ಯಾಲ ನಾ ಹೇಳಿಲ್ಲ, ನೀವು ಕೇಳಿಲ್ಲ ಅನ್ನಬಾರದು ಅಂತ ಹಳೇ ಕ್ಯಾಲೆಂಡರ್ ಹಾಳಿ ಮ್ಯಾಲ ಬರದು, ನನ್ನ ಸಹಿ ತಗೊಂಡು, ಗ್ವಾಡಿಗೆ ಹಚ್ಚಿದ್ಲು.

ಸಂಜಿಕ ಆ ಹಾಳಿನೂ ಶಾಣ್ಯಾ ತಿಂದ.

"ತಿನ್ನಲಿ ಬಿಡ್ರಿ" ಅಂದ್ಲು, "ನನಗ ಬಾಯಿಪಾಠ ಐತಿ."

೨. ಪೈಪು

ಸಾಮಾನು ಹೊಂದಿಸಾಕ ತ್ರಾಸ ಆಗಲಿಲ್ಲ. ಹಾರಾಕ ಬಿದಿರ ಕೋಲು, ಹಾಯಾಕ ಗೂಟಾ, ಏರಾಕ ಹಳೇ ಹಲಗಿ. ಕೊಳವಿಗೆ ಮಾತ್ರ ಏನ್ ಮಾಡಬೇಕು? ಮೌಳಂಗಿ ರಸ್ತೆದ ಬಾಜೂಕ ಯಾವಾಗೋ ತಂದು ಒಗದ ಒಂದು ಸಿಮೆಂಟ್ ಪೈಪು ಬಿದ್ದಿತ್ತು. ಅದ ಆತು.

ಶಾಣ್ಯಾ ಪೈಪಿನ ಬಾಯಿತನಾ ಬಂದು ನಿಲ್ತಿದ್ದ. ಒಳಗ ಮೂಗು ಇಡ್ತಿದ್ದ, ನನ್ನ ಮಾರಿ ನೋಡ್ತಿದ್ದ. 'ನೀ ಹೋಗ್ತೀಯೇನು ಇದರಾಗ?' ಅಂತ ಕೇಳಿದಂಗ ಇರ್ತಿತ್ತು. ಡಾಕ್ಟರಿಗೆ ಫೋನ್ ಹಚ್ಚಿದೆ. "ನೀವು ಒಮ್ಮೆ ಹೋಗಿ ತೋರಸ್ರಿ, ನಿಮ್ಮ ಹಿಂದ ಬರ್ತದ" ಅಂದ್ರು.

ಬಗ್ಗಿದೆ, ಮಣಕಾಲೂರಿದೆ, ಹೋದೆ. ಅರ್ಧಾದಾರಿತನಾ ಛಂದ ಹೋದೆ. ಅಲ್ಲೆ ಹೊಟ್ಟಿ ಸಿಕ್ಕೊಂಡ್ತು. ಮುಂದ ಹೋಗವಲ್ದು, ಹಿಂದ ಬರವಲ್ದು. ಶಾಣ್ಯಾಗ ಭಾರೀ ಆನಂದ ಆತು. ಹಿಂದಿನ ಬಾಯಿಗೆ ಓಡಿ ನನ್ನ ಕಾಲು ಮೂಸಿದ, ಮುಂದಿನ ಬಾಯಿಗೆ ಓಡಿ ಬಂದು ಬೊಗಳಿದ. ಒಳಗ ಆ ಬೊಗಳೂ ಸಪ್ಪಳ ಕೇಳಿ ನನ್ನ ಕಿವಿ ಗುಂಯ್ ಅಂದವು.

ಅಷ್ಟರಾಗ ಹೊರಗ ಎರಡು ಬೂಟು ಬಂದು ನಿಂತವು. "ಯಾರದಾರ ಒಳಗ?"

ದನಿ ಗುರ್ತು ಸಿಕ್ತು. ನಮ್ಮ ಖಾತೆದ ಸಾಹೇಬ್ರು, ಮುಂಜಾನಿ ವಾಕಿಂಗಿಗೆ ಬಂದವ್ರು. ನಾ ಅವತ್ತ ಬೆನ್ನು ನೋವು ಅಂತ ರಜಾ ಹಾಕಿದ್ದೆ.

"ನಾನ್ರಿ ಸಾಹೇಬ್ರ" ಅಂದೆ ಒಳಗಿಂದ.

ಬೂಟು ಒಂದು ಹೆಜ್ಜಿ ಹತ್ರ ಬಂದವು. ಆಮ್ಯಾಲ, "ಬೆನ್ನು ಹೆಂಗೈತ್ರಿ?" ಅಂತ ಕೇಳಿದ್ರು.

"ಈಗ ಅರಾಮ ಐತ್ರಿ."

"ಚಲೋ ಆತು. ಹಂಗಾದ್ರ ನಾಳೆ ಮುಂಜಾನಿ ಶಿಫ್ಟಿಗೆ ಬಂದುಬಿಡ್ರಿ" ಅಂದ್ರು, ಹಿಂದಿನ ಬಾಯಿಗೆ ಬಂದು ಬಗ್ಗಿ ನನ್ನ ಕಾಲು ಹಿಡದು ಎಳಕೊಂತ, "ಇದರಾಗಿಂದ ಹೊರಗ ಬಂದ್ರ."

ಬಂದೆ. ಅಂಗಿ ಗುಂಡಿ ಮೂರು ಅಲ್ಲೇ ಉಳದವು. ಆದ್ರ ಅವತ್ತಿನಿಂದ ಶಾಣ್ಯಾ ಯಾವ ಕೊಳವಿ ಕಂಡ್ರೂ ಬಾಣದಂಗ ಒಳಗ ನುಗ್ಗತಾನ. ಕಲ್ತಾನ ಅಂತ ನಾ ಎಲ್ಲಾರ ಮುಂದ ಹೇಳ್ಕೊಂಡೆ. ಮನಿಯಾಕಿ ಹೇಳಿದ್ದು ಬ್ಯಾರೆ: "ಕಲ್ತಿಲ್ಲ. ನೀವು ಒಳಗ ಸಿಕ್ಕೊಂಡೀರೇನೋ ಅಂತ ನೋಡಾಕ ಹೋಗ್ತದ."

೩. ಜೊಯಿಡಾ ಬಸ್ಸು

ಡಾಕ್ಟರಿಗೆ ಜೊಯಿಡಾಕ್ಕ ವರ್ಗ ಆತು. ಅವರ ಮನಿ ಹಿತ್ತಲದಾಗ ಸ್ಪರ್ಧಾದೊಳಗ ಇರೂವಂಥಾ ಬರೋಬ್ಬರಿ ಏಣಿ ಮಾಡಿಸಿದ್ರು. ಎರಡು ಅಗಲ ಹಲಗಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದು, ಒಂದು ಕಡೆ ಏರಿ ಇನ್ನೊಂದು ಕಡೆ ಇಳೀಬೇಕು. ಐತವಾರ ಐತವಾರ ಬರ್ರಿ, ಕಲಸ್ತೇನಿ ಅಂದ್ರು. ಜೊಯಿಡಾಕ್ಕ ಬಸ್ಸು ಇರೂದ ಕಮ್ಮಿ. ಒಂದು ತಪ್ಪಿದ್ರ ಮುಂದಿನದು ಯಾವಾಗ ಅಂತ ಬಸ್ಸಿಗೂ ಗೊತ್ತಿರಂಗಿಲ್ಲ.

ಮೊದಲನೇ ಐತವಾರ ಶಾಣ್ಯಾನ ಬಾಯಿಗೆ ಪಟ್ಟಿ ಕಟ್ಟಿ, ಮೈ ತಿಕ್ಕಿ, ಬಸ್ಸು ಹತ್ತಿಸಿದೆ. ನಾ ಸೀಟು ಹುಡುಕೂದ್ರಾಗ ಅಂವ ಕಿಡಕಿ ಬಾಜೂಕ ಹತ್ತಿ ಕುಂತು ಹೊರಗ ನೋಡಾಕತ್ತಿದ್ದ. ಕಂಡಕ್ಟರು ಬಂದು, "ಇದಕ್ಕ ಟಿಕೆಟ್ ಬೇಕ್ರಿ" ಅಂದ್ರು. ನಾ ಪೂರ್ತಿ ತಗೋಬೇಕೋ ಅರ್ಧಾ ಸಾಕೋ ಅಂದೆ. ಹಿಂದ ಕುಂತವ್ರು ಅದಕ್ಕ ನಾಕು ಕಾಲು ಐತಿ, ಎರಡು ತಗೋರಿ ಅಂದ್ರು. ಮುಂದಿನವ್ರು ಅದು ಸಾಮಾನಿನ ಲೆಕ್ಕದಾಗ ಬರ್ತದ ಅಂದ್ರು. ಇಡೀ ಬಸ್ಸು ವಾದಕ್ಕ ಇಳೀತು. ಕಂಡಕ್ಟರು ಬ್ಯಾಸತ್ತು ಒಂದು ಟಿಕೆಟ್ ಹರದು ಕೊಟ್ಟು ಮುಂದ ಹೋದ್ರು.

ನಡಕ ಒಂದು ಸ್ಟಾಪಿನ್ಯಾಗ ಚೆಕಿಂಗಿನವ್ರು ಹತ್ತಿದ್ರು. ನಾ ಭಾಳ ಅಭಿಮಾನದಿಂದ ಟಿಕೆಟ್ ತಗದು ಕೊಟ್ಟೆ.

"ಇದು ನಾಯಿದು" ಅಂದ್ರು ಅವ್ರು. "ನಿಮ್ದು?"

ಅಂಗಿ ಕಿಸೆ ನೋಡಿದೆ, ಪ್ಯಾಂಟಿನ ಕಿಸೆ ನೋಡಿದೆ, ಶಾಣ್ಯಾನ ಮಾರಿ ನೋಡಿದೆ. ವಾದದ ಗದ್ದಲದಾಗ ನಾ ನನಗ ಟಿಕೆಟ್ ತಗೊಂಡಿರಲೇ ಇಲ್ಲ.

"ನಾಯಿ ಕುಂದರ್ಲಿ" ಅಂದ್ರು ಚೆಕಿಂಗಿನವ್ರು, "ನೀವು ಇಳೀರಿ."

ಕಂಡಕ್ಟರು ಕೈಮುಗದು, ತಮ್ಮ ಕಣ್ಮುಂದ ಆದದ್ದೆಲ್ಲಾ ಹೇಳಿ, ನನಗೊಂದು ಟಿಕೆಟ್ ಕೊಟ್ಟು ಉಳಿಸಿದ್ರು. ನಾ ತಲಿ ಕೆಳಗ ಹಾಕಿ ಕುಂತೆ. ಬಾಜೂಕ ಒಬ್ಬಾಕಿ ಕೊಂಕಣಿ ಮಾತಾಡೂ ಮುದುಕಿ ಕುಂತಿದ್ಲು. ಶಾಣ್ಯಾನ ತಲಿ ಸವರಿ, ತನಗ ಬರೂ ಅಷ್ಟು ಕನ್ನಡದಾಗ ನನಗ ಸಮಾಧಾನ ಹೇಳಿದ್ಲು: "ಬೇಜಾರ ಮಾಡಬ್ಯಾಡಾ. ನಾಯಿ ಶಾಣ್ಯಾ ಉಂಟು. ನಿನಗೆ ಬರೋಬ್ಬರಿ ಕರಕೊಂಡು ಹೋಗ್ತದೆ."

ಆ ಮುದುಕಿಗೆ ಅವನ ಹೆಸರು ಹೆಂಗ ಗೊತ್ತಾತು ಅಂತ ನಾ ಒಂದು ಕ್ಷಣ ಗಾಬರಿ ಆದೆ.

೪. ಹಳದಿ

ಡಾಕ್ಟರ ಹಿತ್ತಲದಾಗ ಶಾಣ್ಯಾ ಕೋಲು ಹಾರಿದ, ಗೂಟಾ ಹಾಯ್ದ, ಕೊಳವಿ ನುಗ್ಗಿದ. ನನಗ ಎದಿ ಉಬ್ಬಿತು. ಆಮ್ಯಾಲ ಏಣಿ. ಓಡಿ ಏರಿದ, ತುದಿ ದಾಟಿದ, ಇಳಕೊಂತ ಬಂದ. ಇನ್ನೇನು ನೆಲ ಮುಟ್ಟಬೇಕು, ಕಡೀ ಎರಡು ಮೊಳ ಇರೂ ಮುಂದ ಚಂಗ್ ಅಂತ ಹಾರಿಬಿಟ್ಟ.

"ಇದು ತಪ್ಪು" ಅಂದ್ರು ಡಾಕ್ಟರು. "ಕೆಳಗ ಹಳದಿ ಬಣ್ಣ ಹಚ್ಚೇವಿ ನೋಡ್ರಿ. ಅದರ ಮ್ಯಾಲ ಒಂದರ ಕಾಲು ಇಟ್ಟ ಇಳೀಬೇಕು. ಇಲ್ಲಂದ್ರ ಎತ್ತರದಿಂದ ಜಿಗದು ಕಾಲು ಮುರಕೋತಾವ ಅಂತ ಹಂಗ ನಿಯಮ ಮಾಡ್ಯಾರ."

ಹತ್ತು ಸಲಾ ಓಡಿಸಿದ್ವಿ. ಹತ್ತೂ ಸಲಾ ಹಳದಿ ಬಂದ ಕೂಡ್ಲೆ ಹಾರಿದ. ಏರೂ ಮುಂದನೂ ಹಂಗ, ನೆಲದಿಂದ ಹಳದಿ ದಾಟಿ ಮ್ಯಾಲ ಜಿಗೀತಿದ್ದ. ಡಾಕ್ಟರು ಅವನ ಕಣ್ಣು ನೋಡಿದ್ರು, ಉಗುರು ನೋಡಿದ್ರು, ಕಾಲಾಗ ಮುಳ್ಳು ಚುಚ್ಚೈತೇನು ಅಂತ ನೋಡಿದ್ರು. ಏನೂ ಇಲ್ಲ. "ಇಪ್ಪತ್ತು ವರ್ಷದಾಗ ಹಳದಿಗೆ ಅಂಜೂ ನಾಯಿ ನಾ ನೋಡಿಲ್ರಿ" ಅಂದ್ರು. ಬಸ್ಸಿನ್ಯಾಗ ನಾವಿಬ್ರೂ ಮಾರಿ ಸಣ್ಣ ಮಾಡ್ಕೊಂಡು ಬಂದ್ವಿ.

ಶುಕ್ರವಾರ ಮುಂಜಾನಿ ಪಡಸಾಲ್ಯಾಗ ಚಹಾ ಕುಡ್ಕೊಂತ ಕುಂತಿದ್ದೆ. ಮನಿಯಾಕಿ ಹೊಸ್ತಿಲ ತೊಳದು, ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ಒಳಗ ರೊಟ್ಟಿ ಬಡ್ಯಾಕ ಹೋದ್ಲು. ಅಂಗಳದಾಗಿಂದ ಶಾಣ್ಯಾ ದಡದಡ ಓಡಿ ಬಂದ. ಅಡಗಿಮನಿಯಿಂದನ, ತಲಿ ಸೈತ ಎತ್ತದ, ಆಕಿ "ಏ! ನಿಂದ್ರು!" ಅಂದ್ಲು. ಶಾಣ್ಯಾ ಇದ್ದಲ್ಲೆ ಗಕ್ಕನ ನಿಂತ. ಹೊಸ್ತಿಲ ನೋಡಿದ. ಆಮ್ಯಾಲ ಒಂದು ಕೂದಲೂ ತಾಗದಂಗ ಅರಿಷಿಣ ದಾಟಿ ಒಳಗ ಹಾರಿದ. ಅಡಗಿಮನಿಯಿಂದ ಒಂದು ರೊಟ್ಟಿ ಚೂರು ಹಾರಿಕೊಂಡು ಬಂತು, ಬಾಯಾಗ ಹಿಡದ.

ನನ್ನ ಕೈಯಾಗಿನ ಚಹಾ ತಣ್ಣಗಾತು. "ಇದನ್ನ ಯಾವಾಗ ಕಲಿಸಿದಿ?"

"ಮರಿ ಇದ್ದಾಗನ. ಹಳದಿ ಕಂಡ್ರ ತುಳೀಬಾರ್ದು, ದಾಟಬೇಕು ಅಂತ ಹೇಳಿದೆ. ನಾಲ್ಕ ದಿನದಾಗ ಕಲ್ತತು" ಅಂದ್ಲು. "ನಿಮಗ ಇಪ್ಪತ್ತಾರು ವರ್ಷ ಆತು ಹೇಳಾಕತ್ತಿ."

ಕೆಳಗ ನೋಡ್ಕೊಂಡೆ. ನನ್ನ ಎಡಗಾಲಿನ ಹಿಮ್ಮಡಕ್ಕ ಹಸೀ ಅರಿಷಿಣ ಹತ್ತಿತ್ತು.

೫. ಅರ್ಧಾ ಕಿಲೋ ಅರಿಷಿಣ

ಈಗ ನನ್ನ ಫಜೀತಿ ನೋಡ್ರಿ. ಹಳದಿ ತುಳೀಲಿಲ್ಲಂದ್ರ ಸ್ಪರ್ಧಾದಾಗ ತಪ್ಪಾಗ್ತದ, ಶಾಣ್ಯಾ ಸಾಂಬ್ರಾಣಿಗೆ. ತುಳ್ಯಾಕ ಕಲಿಸೂಣು ಅಂದ್ರ ಮನಿಯಾಕಿ ಕಣ್ಣು ಕೆಂಪು ಮಾಡಿ, "ಲಕ್ಷ್ಮಿ ಬರೂ ಹೊಸ್ತಿಲ ತುಳಿಯೂ ನಾಯಿ ನನ್ನ ಮನ್ಯಾಗ ಒಂದ ದಿನಾನೂ ಇರಂಗಿಲ್ಲ" ಅಂದ್ಲು. ಆವಾಗನೂ ಸಾಂಬ್ರಾಣಿಗೆ. ತುಳದ್ರೂ ಹೋದ, ಬಿಟ್ರೂ ಹೋದ.

ಹಳಿಯಾಳದವ್ರಿಗೆ ಫೋನ್ ಮಾಡಿ, ನಿಮ್ಮ ಏಣಿಗೆ ಹಸರು ಬಣ್ಣ ಹಚ್ಚಿದ್ರ ಏನ್ ಆಗ್ತದ್ರಿ ಅಂತ ಕೇಳಿದೆ. ಯಾಕ್ರಿ ಅಂದ್ರು. ನಮ್ಮ ನಾಯಿಗೆ ಸಂಸ್ಕಾರ ಐತ್ರಿ ಅಂದೆ. ಫೋನ್ ಇಟ್ಟುಬಿಟ್ರು.

ಕಡೀಕ ಕದ್ದು ಕಲಿಸೂಣು ಅಂತ ನಿರ್ಧಾರ ಮಾಡಿದೆ. ಅರ್ಧಾ ಕಿಲೋ ಅರಿಷಿಣ ತಗೊಂಡು, ಹಲಗಿ ಹೊತ್ಕೊಂಡು ಹೊಳೀ ದಂಡಿಗೆ ಹೋದೆ. ಡಬ್ಬ್ಯಾಗ ಅರಿಷಿಣ ಕಲಸಿ ಹಲಗಿಗೆ ಬಳದೆ. ತುಳೀಪಾ ಅಂದೆ. ಶಾಣ್ಯಾ ಹಾರಿದ. ನಾ ನಿಂತು ತುಳದು ತೋರಿಸಿದೆ. ಅಂವ ಹಾರಿದ. ಅವನ ಕಾಲು ಹಿಡದು ಹಲಗಿ ಮ್ಯಾಲ ಇಡಾಕ ಹೋದೆ. ಅಂವ ಕೊಸರಿದ, ನಾ ಜಾರಿದೆ, ಡಬ್ಬಿ ಉಳ್ಳಿತು, ಇಬ್ರೂ ಅದರಾಗ ಬಿದ್ವಿ. ನೀರಿನ್ಯಾಗ ತೊಳದ್ರ ಇನ್ನಷ್ಟು ಹಬ್ಬಿತು. ಕೈ, ಕಾಲು, ಗಲ್ಲಾ ಎಲ್ಲಾ ಹಳದಿ. ಶಾಣ್ಯಾನ ಬಿಳಿ ಎದಿನೂ ಹಳದಿ.

ಇಬ್ರೂ ಹಿಂದಿನ ಬಾಗಲಿಂದ ಮನಿ ಸೇರೂಣು ಅಂತ ಬಂದ್ವಿ. ಬಾಜೂ ಮನಿಯಾಕಿ ಬಟ್ಟಿ ಒಣಗಹಾಕಾಕತ್ತಿದ್ಲು. ನನ್ನ ನೋಡಿದ್ಲು, ಕೈಯಾಗಿನ ಬಟ್ಟಿ ಅಲ್ಲೇ ಬಿಟ್ಟು, "ವೈನೀ, ಲಗೂನ ಬರ್ರಿ! ನಿಮ್ಮವ್ರಿಗೆ ಯಾರೋ ಅರಿಷಿಣ ಹಚ್ಯಾರ!" ಅಂತ ಒದರಿದ್ಲು.

ಮನಿಯಾಕಿ ಬಂದು ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. ಆಮ್ಯಾಲ ಶಾಣ್ಯಾನ ನೋಡಿದ್ಲು. ಸೊಂಟದ ಮ್ಯಾಲ ಕೈ ಇಟ್ಟು, "ಇಬ್ರಾಗ ಮದವಿ ಗಂಡು ಯಾರು?" ಅಂತ ಕೇಳಿದ್ಲು.

೬. ಮುಂಡಗೋಡದಾಗ ಮೈಮ್ಯಾಲ ಬಂದದ್ದು

ಸ್ಪರ್ಧಾಕ್ಕ ಎರಡು ವಾರ ಮೊದಲ ಮುಂಡಗೋಡದ ಹತ್ರ ಒಂದು ಬಯಲಾಗ ತಾಲೀಮು ಇಟ್ಟಿದ್ರು, ಡಾಕ್ಟರೂ ಬಂದಿದ್ರು. ಈ ಆಟದಾಗ ಒಂದು ಪದ್ಧತಿ ಐತಿ. ಓಟಕ್ಕಿಂತ ಮೊದಲ ಮಾಲಕ ಒಬ್ಬಾಂವನ, ನಾಯಿ ಬಿಟ್ಟು, ಆ ದಾರಿ ಎಲ್ಲಾ ನಡದು ನೋಡಬೇಕು. ಎಲ್ಲಿ ತಿರಗಬೇಕು, ಎಲ್ಲಿ ಕೈ ಎತ್ತಬೇಕು, ಎಲ್ಲಿ ಏನು ಒದರಬೇಕು, ಎಲ್ಲಾ ಬಾಯಿಪಾಠ ಮಾಡಬೇಕು.

ನಾ ಶಾಣ್ಯಾನ ಡಾಕ್ಟರ ಕೈಯಾಗ ಕೊಟ್ಟು ಶುರು ಮಾಡಿದೆ. ಗರಕ್ಕನ ತಿರಗಿದೆ, ಕೈ ಬೀಸಿದೆ, "ಹಾರು! ಹಾರು! ಒಳಗ! ಹೊರಗ! ಏರು!" ಅಂದೆ. ಬಿಸಲು ಇತ್ತು, ಮೈಯೆಲ್ಲಾ ಬೆವರು, ತಲಿ ಕೂದಲಾ ಕೆದರಿದ್ವು. ಬಾಜೂಕ ದಾರಿ ಹಿಡದು ಹೊಂಟಿದ್ದ ಒಬ್ಬಾಕಿ ಅಜ್ಜಿ ನಿಂತ್ಲು. ಬುಟ್ಟಿ ಇಳಿಸಿದ್ಲು, ಸೆರಗು ಹೊತ್ಕೊಂಡ್ಲು, ಹತ್ರ ಬಂದು ಕೈಮುಗದು ಕೇಳಿದ್ಲು, "ಯಪ್ಪಾ, ನಮ್ಮ ಎಮ್ಮಿ ದಿನಾ ತುಂಬಿ ಹೋದ್ರೂ ಇನ್ನೂ ಈದಿಲ್ಲ. ಎಂದ ಈಯ್ತದ ಹೇಳ್ರೆಪಾ."

ನನ್ನ ತಲ್ಯಾಗ ಏಳನೇ ಕೋಲಿನ ಮುಂದ ಎಡಕ್ಕ ತಿರಗಬೇಕೋ ಬಲಕ್ಕೋ ಅನ್ನೂದ ತುಂಬಿತ್ತು. ಈಕಿನ ಕಳಸಿದ್ರ ಸಾಕು ಅಂತ, "ಗುರುವಾರ! ಗುರುವಾರ!" ಅಂದು ಮುಂದ ಓಡಿದೆ. ಅಜ್ಜಿ ನೆಲ ಮುಟ್ಟಿ ನಮಸ್ಕಾರ ಮಾಡಿ ಹೋದ್ಲು.

ಮುಂದಿನ ಐತವಾರ ಮತ್ತ ತಾಲೀಮಿಗೆ ಹೋದ್ರ, ಅಜ್ಜಿ ನಮಗಿಂತ ಮೊದಲ ಬಂದು ಕುಂತಿದ್ಲು. ಕೈಯಾಗ ತೆಂಗಿನಕಾಯಿ, ಊದಿನಕಡ್ಡಿ, ಒಂದು ತಂಬಿಗಿ ಗಿಣ್ಣದ ಹಾಲು. ಎಮ್ಮಿ ಗುರುವಾರ ಮುಂಜಾನೀನ ಈದಿತ್ತಂತ, ಹೆಣ್ಣು ಕರಾ ಅಂತ. ಆಕಿ ಹಿಂದ ಇನ್ನೂ ಆರೇಳು ಮಂದಿ ಇದ್ರು, ಒಬ್ಬಾಂವಂತೂ ಆಕಳಾನ ಹಿಡ್ಕೊಂಡು ಬಂದಿದ್ದ.

ಡಾಕ್ಟರು ಅದನ್ನೆಲ್ಲಾ ನೋಡಿ ಒಂದು ಉಸರು ಬಿಟ್ರು. "ಇಪ್ಪತ್ತು ವರ್ಷ ಆತ್ರಿ ಅಣ್ಣಾರ, ನಾ ದನದ ಹೊಟ್ಯಾಗ ಕೈ ಹಾಕಾಕತ್ತಿ. ನನಗ ಇಲ್ಲೀತನಾ ಒಬ್ರೂ ಕಾಯಿ ಒಡದಿಲ್ಲ."

೭. ಹಳಿಯಾಳ

ಖರೇ ಹೇಳ್ತೇನಿ, ಸ್ಪರ್ಧಾದ ದಿನ ಹತ್ರ ಬಂದಂಗ ನನಗ ಅನ್ನ ಸೇರದಂಗ ಆತು. ಎಂಟು ತಿಂಗಳಾಗ ನನ್ನ ಬೆಲ್ಟು ಎರಡು ತೂತು ಒಳಗ ಬಂದಿತ್ತು. ಮೊದಲ ನಾ ಎಡಕ್ಕ ಅಂದ್ರ ಬಲಕ್ಕ ಹೋಗೂ ನಾಯಿ, ಈಗ ನನ್ನ ಹೆಗಲು ತಿರಗಿದ್ರ ಸಾಕು, ತಿಳಕೊಂತಿದ್ದ. ನಾನೂ ಅಷ್ಟ, ಅವನ ಕಿವಿ ನೋಡಿ ಮುಂದ ಏನ್ ಮಾಡ್ತಾನ ಅಂತ ಹೇಳ್ತಿದ್ದೆ. ಹೊಳೀ ದಂಡ್ಯಾಗ ಓಡಿ ಬಂದು ಇಬ್ರೂ ಒಂದ ಕಡೆ ಕುಂತು ತೇಕೂದು ಇತ್ತಲ್ಲ, ಅದು ಇಲ್ಲದ ಮುಂಜಾನಿ ಹೆಂಗ ಇರ್ತಾವ ಅಂತ ನೆನಸಿ ಮನಿಯಾಕಿಗೆ ಕಾಣದಂಗ ಮಾರಿ ತಿರಗಿಸ್ಕೋತಿದ್ದೆ. ಐವತ್ನಾಲ್ಕು ವರ್ಷದ ಗಂಡಸು ನಾಯಿ ಸಲುವಾಗಿ ಅಳಬಾರದು ಅಂತ ಎಲ್ಲೂ ಬರದಿಲ್ಲ.

ಹಳಿಯಾಳದ ಮೈದಾನದಾಗ ಮಂದಿ ಭಾಳ ಕೂಡಿದ್ರು. ಹಗ್ಗದ ಹೊರಗ ಮನಿಯಾಕಿ ನಿಂತಿದ್ಲು, ಕೈಯಾಗ ಶಾಣ್ಯಾನ ತಾಟು, ಕಂಬಳಿ ಕಟ್ಟಿದ ಗಂಟು. ಬಾಜೂಕ ಆಕಿ ಅಣ್ಣ, ಅವನ ಹಿಂದ ಟ್ರ್ಯಾಕ್ಟರ್, ಟ್ರಾಲಿ. "ಮಾವಾರ, ಗಡಬಡಿ ಏನಿಲ್ಲ, ಅರಾಮ ಓಡ್ರಿ" ಅಂದ. ಅವನಿಗೆ ಏನು ಗಡಬಡಿ?

ನಿಯಮ ಸರಳ ಇತ್ತು. ನಾಯಿ ತಪ್ಪು ಮಾಡಿದ್ರ ನಿರ್ಣಾಯಕರು ಕೈ ಎತ್ತತಾರ. ಕೈ ಎತ್ತಿದ್ರಂದ್ರ ಒಂದು ತಪ್ಪು.

ಸೀಟಿ ಊದಿದ್ರು. ಓಡಿದ್ವಿ. ಒಂದು ಕೋಲು, ಎರಡು, ಮೂರು. ಕೈ ಎತ್ತಲಿಲ್ಲ. ಗೂಟಾ ಒಂದೂ ಬಿಡದಂಗ ಹಾಯ್ದ. ಕೊಳವಿಯೊಳಗ ನುಗ್ಗಿ, ನಾ ಅಲ್ಲಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಹೊರಗ ಬಂದ. ಏಣಿಗೆ ಬಂದ್ವಿ. ಏರೂ ಕಡೆ ತುಳೀಲಿಲ್ಲಂದ್ರೂ ನಡೀತದ ಅಂತ ಅಲ್ಲಿ ಮೊದಲ ಹೇಳಿದ್ರು. ಇಳಿಯೂ ಕಡೇದ ಪ್ರಶ್ನಿ. ಶಾಣ್ಯಾ ತುದಿ ದಾಟಿದ, ಇಳೀತಾ ಬಂದ, ಹಳದಿ ನೋಡಿದ, ಹಾರಾಕ ಹಿಂದಿನ ಕಾಲು ಮಡಚಿದ. ಮುಗೀತು ಅಂತ ನಾ ಕಣ್ಣು ಮುಚ್ಚಿದೆ.

"ಏ! ನಿಂದ್ರು!"

ನನ್ನ ದನಿ ಅಲ್ಲ. ಹಗ್ಗದ ಹೊರಗಿಂದು. ಅಂವ ಮರಿ ಇದ್ದಾಗಿಂದ ರೂಢಿ, ಹಳದಿ ಮುಂದ ನಾಯಿ ಓಡಿ ಬರೂದು ಕಂಡ ಕೂಡ್ಲೆ ಆಕಿ ಬಾಯಿಂದ ತಾನ ಬಂದುಬಿಟ್ಟಿತ್ತು. ಶಾಣ್ಯಾ ಆಕಿ ಮಾತು ಎಂದರ ಮೀರ್ಯಾನೇನು? ಗಕ್ಕನ ನಿಂತ. ಇಳಿಜಾರಿನ ಮ್ಯಾಲ ನಿಂತಾಂವ ಸರ್ರಂತ ಜಾರಿ, ಮುಂದಿನ ಎರಡೂ ಕಾಲು ಬರೋಬ್ಬರಿ ಹಳದಿ ನಡಕ ಊರಿದ.

ನಿರ್ಣಾಯಕರು ಕೈ ಎತ್ತಲಿಲ್ಲ! ನಾ ಕುಣ್ಯಾಕ ಹತ್ತಿದೆ. ಇನ್ನ ಒಂದ ಒಂದು ಕೋಲು ಹಾರಿದ್ರ ಮುಗೀತು. ಆದ್ರ ಶಾಣ್ಯಾ ಅಲ್ಲೇ ನಿಂತು, ದೊಡ್ಡ ಪಾಪ ಮಾಡಿದಾಂವನಂಗ ಮಾರಿ ಮಾಡಿ, ಮನಿಯಾಕಿ ಕಡೆ ನೋಡಾಕತ್ತಿದ್ದ.

ಆಕಿಗೆ ತಡೀಲಿಲ್ಲ. ಗಂಟು ಒಗದು, ಹಗ್ಗಾ ಎತ್ತಿ, ಚಪ್ಪಲಿ ಹೊರಗ ಬಿಟ್ಟು, ಮೈದಾನದೊಳಗ ಓಡಿ ಬಂದ್ಲು. "ಅಯ್ಯ ನನ್ನ ಕಂದಾ, ನಾ ನಿಂದ್ರು ಅಂದದ್ದಕ್ಕ ತುಳದಿಯಲ್ಲಾ" ಅಂದು ಆ ಹಳದಿ ಹಲಗಿ ಮುಟ್ಟಿ ಮುಟ್ಟಿ ಕಣ್ಣಿಗೆ ಒತ್ಕೊಂಡ್ಲು, ಅವನ ಮುಂದಿನ ಕಾಲು ಹಿಡದು ಅವನ ಕಡೆಯಿಂದನೂ ಒಂದು ನಮಸ್ಕಾರ ಮಾಡಿಸಿದ್ಲು. ಇಲ್ಲೀತನಾ 'ಅದು, ಅದು' ಅಂತಿದ್ದಾಕಿ, ಕಂದಾ ಅಂದ್ಲು. ನಾ ಅಲ್ಲೇ ಕಣ್ಣು ಒರಸ್ಕೊಂಡೆ.

ನಿರ್ಣಾಯಕರು ಹತ್ರ ಬಂದ್ರು. "ಹೊರಗಿನವ್ರು ಒಳಗ ಬರೂ ಹಂಗಿಲ್ಲವ್ವಾ. ಓಟಾ ರದ್ದು."

ಮನಿಯಾಕಿ ಸಿಟ್ಟಿಗೆದ್ಲು. "ರದ್ದು ಯಾಕ್ರಿ? ನಮ್ಮ ಶಾಣ್ಯಾ ಏನ್ ತಪ್ಪು ಮಾಡ್ಯಾನ, ತೋರಸ್ರಿ."

"ನಾಯಿ ಒಂದೂ ತಪ್ಪು ಮಾಡಿಲ್ಲ. ತಪ್ಪು ಮಾಡಿದವ್ರು ನೀವು."

ಮೈದಾನ ನಗಾಕ ಹತ್ತಿತು. ಆಕಿ ಅಣ್ಣ ಮಾತ್ರ ನಗಲಿಲ್ಲ. ತಲಿ ಕೆರಕೊಂಡು ವಿಚಾರ ಮಾಡಿ, ಭಾಳ ಗಂಭೀರವಾಗಿ, "ತಂಗೀ, ತಪ್ಪು ಮಾಡಿದವ್ರನ್ನ ಕರಕೊಂಡು ಹೋಗಾಕ ಬಾ ಅಂತ ನೀನ ಫೋನ್ ಮಾಡಿದ್ದಿ. ಹತ್ತವಾ ಟ್ರಾಲಿ" ಅಂದ.

ಆಕಿ ಒಂದು ಕ್ಷಣ ಅಣ್ಣನ ನೋಡಿದ್ಲು, ಒಂದು ಕ್ಷಣ ನನ್ನ ನೋಡಿದ್ಲು. "ಹತ್ತೇನೇಳು. ಆಡಿದ ಮಾತಿಗೆ ತಪ್ಪಾಕಿ ಅಲ್ಲ ನಾ. ನಾಲ್ಕ ದಿನ ತವರಮನ್ಯಾಗ ಕುಂತು ಉಂಡು ಬರ್ತೇನಿ" ಅಂದು ಸೀರಿ ನಿರಗಿ ಎತ್ತಿ ಟ್ರಾಲಿ ಹತ್ತಿ ಕುಂತ್ಲು. ಶಾಣ್ಯಾ ಹಿಂದ ಮುಂದ ನೋಡಲಿಲ್ಲ. ಒಂದ ನೆಗತಕ್ಕ ಚಂಗ್ ಅಂತ ಹಾರಿ, ಆಕಿ ಬಾಜೂಕ ಕುಂತು, ತೊಡಿ ಮ್ಯಾಲ ತಲಿ ಇಟ್ಟ.

"ಶಾಣ್ಯಾ, ಬಾ ಇಲ್ಲೆ!" ಅಂದೆ. ಅಂವ ಕಿವಿ ಸೈತ ಅಲ್ಲಾಡಿಸಲಿಲ್ಲ.

"ಅಂವ ಯಾಕ ಬರ್ತಾನ? ಎಲ್ಲಿಗೂ ಕಳಸಂಗಿಲ್ಲ ಅವನ್ನ, ನನ್ನ ಜೋಡಿ ಹೋಗಿ ನನ್ನ ಜೋಡಿ ಮನಿಗೆ ಬರ್ತಾನ" ಅಂದ್ಲು. "ನೀವೇನು ಅಲ್ಲೇ ನಿಂತೀರಿ? ಹತ್ರಿ ಲಗೂನ."

ಎಂಟು ತಿಂಗಳ ತನಾ ನಾಯಿಗೆ ಹಾರಾಕ ಕಲಿಸಿದ ಮಾಸ್ತರ ನಾನು. ಅಷ್ಟು ಮಂದಿ ನೋಡಾಕತ್ಯಾರ, ಮೆತ್ತಗ ಹತ್ತಿದ್ರ ಮರ್ಯಾದಿ ಏನ್ ಉಳೀತದ? ನಾಕು ಹೆಜ್ಜಿ ಹಿಂದ ಹೋದೆ, ಓಡಿ ಬಂದೆ, ಹಾರಿದೆ. ಟ್ರಾಲಿ ಕಬ್ಬಿಣಕ್ಕ ಮಣಕಾಲು ಬಡದು ಧಡ್ ಅಂತ ಮಣ್ಣಾಗ ಅಂಗಾತ ಬಿದ್ದೆ.

ಕಣ್ಣು ತಗದು ನೋಡಿದ್ರ, ಮೈದಾನದ ನಡಕ ನಿಂತಿದ್ದ ನಿರ್ಣಾಯಕರು ನನ್ನನ್ನ ನೋಡಿ ಸಾವಕಾಶ ಕೈ ಎತ್ತಿದ್ರು.